ವರ್ಷಕ್ಕೊಮ್ಮೆ ಬರುವ ರೊಕ್ಕ, ದಿನಾ ಬರುವ ಖರ್ಚು

ಬಾಡಗಂಡಿ ಸುತ್ತಿನ ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ ಎಲ್ಲಿ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಕಬ್ಬಿನ ಬಿಲ್ ಆಗಲಿ, ಕೊಡ್ತೀನ್ರಿ." ಅಂಗಡಿಯವರು ಮುಖ ಸಿಂಡರಿಸುವುದಿಲ್ಲ. ಉದ್ರಿ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆದುಕೊಳ್ಳುತ್ತಾರೆ. ಮಗಳ ಕಾಲೇಜು ಫೀ, ಟ್ರ್ಯಾಕ್ಟರಿನ ಕಂತು, ಅವ್ವನ ಕಣ್ಣಿನ ಆಪರೇಷನ್, ಅರ್ಧಕ್ಕೆ ನಿಂತ ಮೇಲಿನ ಸ್ಲ್ಯಾಬು, ಎಲ್ಲಕ್ಕೂ ಅದೇ ವಾಯಿದೆ.

ಬೀಳಗಿ ತಾಲ್ಲೂಕಿನ ಈ ಊರಿನಲ್ಲೇ ಬೀಳಗಿ ಶುಗರ್ ಮಿಲ್ ಇದೆ. ಮುಧೋಳದ ಕಡೆ ಹೊರಳಿದರೆ ನಿರಾಣಿ ಶುಗರ್ಸ್, ಉತ್ತೂರಿನ ಇಂಡಿಯನ್ ಕೇನ್ ಪವರ್, ಸಮೀರವಾಡಿಯ ಗೋದಾವರಿ. ಜಮಖಂಡಿ ಸೀಮೆಗೆ ಹೋದರೆ ಸಿದ್ದಾಪುರದ ಪ್ರಭುಲಿಂಗೇಶ್ವರ, ಹಿರೇಪಡಸಲಗಿಯ ಜಮಖಂಡಿ ಶುಗರ್ಸ್. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಇಷ್ಟು ಚಿಕ್ಕ ಸೀಮೆಯಲ್ಲಿ ಇಷ್ಟೊಂದು ಚಿಮಣಿಗಳಿರುವಾಗ ಮನೆಯ ಲೆಕ್ಕವೂ ಕಾರ್ಖಾನೆಯ ಹಂಗಾಮಿನ ಪ್ರಕಾರವೇ ನಡೆಯುವುದು ಸಹಜ.

ಹಣಕಾಸಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬುದ್ಧಿಮಾತೆಲ್ಲ ತಿಂಗಳ ಸಂಬಳದವರಿಗಾಗಿ ಬರೆದದ್ದು. ಸಂಬಳದ ಶೇ 20 ಉಳಿಸಿ, ತಿಂಗಳ ಮೊದಲ ವಾರವೇ ಎಸ್‌ಐಪಿ ಕಟ್ಟಿ ಎನ್ನುತ್ತದೆ ಅದು. ಹದಿನಾಲ್ಕು ತಿಂಗಳಿಗೊಮ್ಮೆ ಸಂಬಳ ಬರುವ ಮನೆಗೆ ಏನು ಹೇಳಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಈ ಸೀಮೆಯ ಸಂಸಾರಗಳಿಗೆ ರೊಕ್ಕದ ಕೊರತೆಗಿಂತ ತಾರೀಖಿನ ಕೊರತೆ ದೊಡ್ಡದು ಎನ್ನುವುದು ನನ್ನ ಎಣಿಕೆ. ರೊಕ್ಕ ಬರುವ ದಿನವೂ ಅದು ಬೇಕಾಗುವ ದಿನವೂ ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಆ ಎರಡು ದಿನಗಳ ನಡುವಿನ ಸಂದಿಯಲ್ಲೇ ಬಡ್ಡಿಯವನು ಬದುಕುತ್ತಾನೆ.

ಬಿಲ್ಲಿನ ಗಣಿತ

ಮೂರು ಎಕರೆ ಕಬ್ಬಿನ ಒಂದು ಮನೆ ಎಂದು ಹಿಡಿಯೋಣ. ಎಕರೆಗೆ 40 ಟನ್ನಿನಂತೆ 120 ಟನ್. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯಲ್ಲೇ ಕೂತು ಟನ್ನಿಗೆ 3,500 ಕೇಳಿದರು. ಕೊನೆಗೆ ಶೇ 11.25 ಸಕ್ಕರೆ ಇಳುವರಿಯ ಕಬ್ಬಿಗೆ, ಕಟಾವು ಮತ್ತು ಸಾಗಣೆ ಬಿಟ್ಟು, 3,300 ಎಂದು ಸರ್ಕಾರ ತೀರ್ಮಾನಿಸಿತು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಮುಧೋಳ ಭಾಗದ ರೈತರು ಅದನ್ನು ಒಪ್ಪದೆ ಚಳವಳಿ ಮುಂದುವರಿಸಿದ್ದು, ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಬೆಂಕಿಗೆ ಆಹುತಿಯಾದದ್ದು ಇನ್ನೂ ಯಾರೂ ಮರೆತಿಲ್ಲ.

ಆ 3,300ರ ಲೆಕ್ಕದಲ್ಲೇ ಹೋದರೆ ಕೈಗೆ 3,96,000. ಬೀಜ, ಗೊಬ್ಬರ, ಕಳೆ, ನೀರು, ಕಟಾವಿನ ಗ್ಯಾಂಗಿನವರು ಮೇಲೆ ಕೇಳುವ ಲಗಾಣಿ ಎಲ್ಲ ಸೇರಿ ಮೂರರಲ್ಲಿ ಒಂದು ಪಾಲು ಹೋಯಿತು ಎನ್ನೋಣ. ಉಳಿದದ್ದು 2,64,000. ನಾಟಿಯಿಂದ ಬಿಲ್ ಜಮೆಯಾಗುವ ತನಕ ಹದಿನಾಲ್ಕು ತಿಂಗಳು ಹಿಡಿದರೆ ತಿಂಗಳಿಗೆ ಬಿದ್ದದ್ದು 19 ಸಾವಿರದೊಳಗೆ.

ನಾಲ್ಕು ಲಕ್ಷ ಎಂದಾಗ ಮನೆಯಲ್ಲಿ ಆಗುವ ಮಾತುಕತೆ ಬೇರೆ, ತಿಂಗಳಿಗೆ 19 ಸಾವಿರ ಎಂದಾಗ ಆಗುವ ಮಾತುಕತೆ ಬೇರೆ. ಮೊದಲನೆಯದರಲ್ಲಿ ಹೊಸ ಬೈಕು ಬರುತ್ತದೆ, ಎರಡನೆಯದರಲ್ಲಿ ಬರುವುದಿಲ್ಲ. ಬಿಲ್ ಜಮೆಯಾದ ವಾರವೇ ಶೋರೂಮಿನವರು ಊರೂರಿಗೆ ಬಂದು ಶಾಮಿಯಾನ ಹಾಕುವುದು ಸುಮ್ಮನೆ ಅಲ್ಲ. ನಮ್ಮ ಕ್ಯಾಲೆಂಡರು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮಾಡಬಹುದಾದ ಕೆಲಸ ತೀರಾ ಸಾದಾ. ಬಿಲ್ ಬಂದ ದಿನ ಸಾಲಗಳನ್ನು ಬಡ್ಡಿ ಹೆಚ್ಚಿರುವುದರಿಂದ ಶುರುಮಾಡಿ ತೀರಿಸಬೇಕು. ಉಳಿದ ಹಣವನ್ನು ಒಂದೇ ಠೇವಣಿಯಾಗಿ ಇಡದೆ ನಾಲ್ಕೈದು ಸಣ್ಣ ಠೇವಣಿಗಳಾಗಿ ಒಡೆಯಬೇಕು. ಒಂದು ಮೇ ಕೊನೆಗೆ ಮುಗಿಯುವಂತೆ, ಶಾಲೆ ಶುರುವಾಗುವ ಹೊತ್ತಿಗೆ. ಇನ್ನೊಂದು ಮುಂಗಾರಿನ ಗೊಬ್ಬರಕ್ಕೆ. ಮತ್ತೊಂದು ದೀಪಾವಳಿಗೆ. ಇವುಗಳ ಬಡ್ಡಿ ಕಡಿಮೆಯೇ, ನಿಜ. ಆದರೆ ಜೂನ್‌ನಲ್ಲಿ ನೂರಕ್ಕೆ ಎರಡರಂತೆ ಕೈಗಡ ತರುವುದು ತಪ್ಪುತ್ತದಲ್ಲ, ಲಾಭ ಇರುವುದು ಅಲ್ಲಿ. ತಿಂಗಳಿಗೆ ನೂರಕ್ಕೆ ಎರಡು ಎಂದರೆ ವರ್ಷಕ್ಕೆ ಶೇ 24. ನೂರಕ್ಕೆ ಮೂರು ಎಂದರೆ 36. "ಬರೇ ಎರಡು ರೂಪಾಯಿ ಬಡ್ಡಿ" ಎಂಬ ಮಾತಿನ ಸಣ್ಣತನಕ್ಕೆ ಎಷ್ಟೋ ಎಕರೆಗಳು ಕೈಬದಲಾಗಿವೆ.

ತಡವಾದ ಬಿಲ್ಲಿಗೂ ಬಡ್ಡಿ ಉಂಟು

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳಲ್ಲಿ ಕಾರ್ಖಾನೆ ಹಣ ಕೊಡಬೇಕು. ತಪ್ಪಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ಮೇಲಿನ ಮನೆಯ 3,96,000 ರೂಪಾಯಿ ಎರಡು ತಿಂಗಳು ತಡವಾಯಿತು ಎಂದರೆ ಆ ಬಡ್ಡಿಯೇ 9,700 ದಾಟುತ್ತದೆ. ಈ ಬಡ್ಡಿಯನ್ನು ಕೇಳಿ ಪಡೆದವರು ನಿಮ್ಮ ಓಣಿಯಲ್ಲಿ ಎಷ್ಟು ಮಂದಿ ಇದ್ದಾರೆ, ವಿಚಾರಿಸಿ ನೋಡಿ. ಬೆಲೆಗಾಗಿ ರಸ್ತೆಗಿಳಿಯುವ ನಾವು ತಾರೀಖಿಗಾಗಿ ಒಂದು ಅರ್ಜಿಯನ್ನೂ ಬರೆಯುವುದಿಲ್ಲ. ಆ ಎರಡು ತಿಂಗಳು ರೈತ ಕಾರ್ಖಾನೆಗೆ ಬಿಟ್ಟಿ ಸಾಲ ಕೊಟ್ಟಂತೆ. ಅದೇ ಎರಡು ತಿಂಗಳು ತನ್ನ ಖರ್ಚಿಗೆ ಅವನು ತರುವುದು ಶೇ 24ರ ಸಾಲ.

ಕೇಂದ್ರದ ಎಫ್‌ಆರ್‌ಪಿ (ನ್ಯಾಯಸಮ್ಮತ, ಲಾಭದಾಯಕ ಬೆಲೆ) ಬಗ್ಗೆಯೂ ಒಂದು ಮಾತು. 2025–26ಕ್ಕೆ ಶೇ 10.25 ಇಳುವರಿಗೆ ಟನ್ನಿಗೆ 3,550 ಎಂದು ನಿಗದಿಯಾಗಿದೆ. ಕಟಾವು, ಸಾಗಣೆ ಖರ್ಚು ಅದರೊಳಗೇ ಸೇರಿದೆ. ಹಾಗಾಗಿ ದೆಹಲಿ ಹೇಳುವ ಅಂಕಿಯೂ ಕೈಗೆ ಬರುವ ಅಂಕಿಯೂ ಒಂದಾಗುವುದಿಲ್ಲ. ಕಾರ್ಖಾನೆ ಕೊಡುವ ಚೀಟಿಯಲ್ಲಿ ತೂಕ ಎಷ್ಟು, ಕಟಾವಿಗೆ ಎಷ್ಟು ಮುರಿದರು, ಸಾಗಣೆಗೆ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ಆ ಚೀಟಿಯನ್ನು ಹಂಗಾಮು ಮುಗಿಯುವ ಮುಂಚೆ ಎಸೆಯಬಾರದು.

ಸೊಸೈಟಿಯ ಬೆಳೆಸಾಲದ ಕಥೆಯೂ ತಾರೀಖಿನದೇ. ಸಹಕಾರ ಸಂಘಗಳ ಮೂಲಕ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇಷ್ಟು ಅಗ್ಗದ ಹಣ ಬೇರೆಲ್ಲೂ ಸಿಗದು. ಆದರೆ ವಾಯಿದೆ ಮೀರಿದರೆ ಬಡ್ಡಿ ಸಹಾಯಧನ ತಪ್ಪುತ್ತದೆ. ಕಾರ್ಖಾನೆಯ ಬಿಲ್ ಬಂದಿಲ್ಲ, ಸೊಸೈಟಿಯ ವಾಯಿದೆ ಬಂದಿದೆ. ಆಗ ನಡೆಯುವ ಆಟ ಎಲ್ಲರಿಗೂ ಗೊತ್ತಿರುವುದೇ: ಎಂಟು ದಿನದ ಮಟ್ಟಿಗೆ ಯಾರಿಂದಲೋ ತಂದು ಹಳೇ ಸಾಲ ಕಟ್ಟುವುದು, ಹೊಸ ಸಾಲ ತೆಗೆದು ಅವನಿಗೆ ಮುಟ್ಟಿಸುವುದು. ಆ ಎಂಟು ದಿನಕ್ಕೆ ಅವನು ನೂರಕ್ಕೆ ಒಂದು ತೆಗೆದುಕೊಂಡರೂ 3 ಲಕ್ಷಕ್ಕೆ 3 ಸಾವಿರ. ವರ್ಷದ ಲೆಕ್ಕದಲ್ಲಿ ಶೇ 45. ಶೂನ್ಯ ಬಡ್ಡಿಯ ಸಾಲವನ್ನು ಉಳಿಸಿಕೊಳ್ಳಲು ಕೊಡುವ ಬಡ್ಡಿ ಇದು! ಮೇಲೆ ಹೇಳಿದ ಸಣ್ಣ ಠೇವಣಿಗಳಲ್ಲಿ ಒಂದನ್ನು ಸೊಸೈಟಿಯ ವಾಯಿದೆ ದಿನಕ್ಕೇ ಕಟ್ಟಿಟ್ಟವರು ಈ ಆಟದಿಂದ ಹೊರಗೆ.

ಗೊಬ್ಬರದ ಚೀಲ, ಜೊತೆಗೊಂದು ಡಬ್ಬಿ

ಉದ್ರಿಯಲ್ಲಿ ಕೊಂಡವನಿಗೆ ಕೇಳುವ ಬಾಯಿ ಇರುವುದಿಲ್ಲ. 45 ಕಿಲೋ ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ ಎಂದು ಚೀಲದ ಮೇಲೇ ಅಚ್ಚಾಗಿರುತ್ತದೆ. ಮಳೆ ಬಿದ್ದ ವಾರ ಅಂಗಡಿಯಲ್ಲಿ ಬೇರೆಯೇ ಬೆಲೆ. ಇಲ್ಲವಾದರೆ ಯೂರಿಯಾ ಬೇಕೆಂದರೆ ಈ ಲಘು ಪೋಷಕಾಂಶದ ಡಬ್ಬಿಯನ್ನೂ ಒಯ್ಯಿರಿ ಎಂಬ ಲಿಂಕು. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಸಬ್ಸಿಡಿ ಗೊಬ್ಬರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಪಿಒಎಸ್ ಯಂತ್ರದಿಂದ ರಸೀದಿ ಬರುತ್ತದೆ, ಅದನ್ನು ಕೇಳಿ ಪಡೆಯಬೇಕು. ಅಂಗಡಿಯವರು ಹರಿದುಕೊಡುವ ಬಿಳಿ ಚೀಟಿಗೆ ಯಾವ ಬೆಲೆಯೂ ಇಲ್ಲ.

ಬೀಜ ಕೈಕೊಟ್ಟಾಗ ರೈತ ಗ್ರಾಹಕನೇ ಅಲ್ಲ, ವ್ಯಾಪಾರಕ್ಕೆ ಬೆಳೆಯುವವನು ಎಂದು ಕಂಪನಿಗಳು ಬಹಳ ಕಾಲ ವಾದಿಸಿದವು. ಆಂಧ್ರದ ರೈತರ ಪ್ರಕರಣದಲ್ಲಿ, ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ವಿರುದ್ಧ, 2012ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ ಬೀಜ ಕೊಂಡ ರೈತನೂ ಗ್ರಾಹಕನೇ ಎಂದಿತು. ಹಾಗಾಗಿ ಬಿಲ್ಲು, ಚೀಲದ ಟ್ಯಾಗು, ಒಂದು ಹಿಡಿ ಬೀಜ ಈ ಮೂರನ್ನು ಕೊಯ್ಲಿನ ತನಕ ಜೋಪಾನ ಮಾಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ, ಘಟನೆಯಿಂದ ಎರಡು ವರ್ಷದೊಳಗೆ ದೂರು ಕೊಡಬಹುದು. ಮೊದಲು ಒಂದು ಫೋನಿನಲ್ಲೇ ಮುಗಿಯುವುದಾದರೆ 1915 ಸಹಾಯವಾಣಿ ಇದೆ.

ಮೇ ತಿಂಗಳ 456 ರೂಪಾಯಿ

ಕಬ್ಬಿನ ಗದ್ದೆಯಲ್ಲಿ ಹಾವು, ರಸ್ತೆಯಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು. ಈ ಸೀಮೆಯ ದುಡಿಮೆಗೆ ಅಪಾಯ ಹೊಸದಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಪಘಾತಕ್ಕೆ 2 ಲಕ್ಷ ಕೊಡುತ್ತದೆ, 436 ರೂಪಾಯಿಯ ಜೀವನ್ ಜ್ಯೋತಿ ಯಾವ ಕಾರಣದ ಸಾವಿಗೂ 2 ಲಕ್ಷ ಕೊಡುತ್ತದೆ. ಮೊದಲನೆಯದಕ್ಕೆ 18ರಿಂದ 70 ವರ್ಷದವರು, ಎರಡನೆಯದಕ್ಕೆ 18ರಿಂದ 50 ವರ್ಷದವರು ಸೇರಬಹುದು. ಹಾವು ಕಡಿದ ಸಾವೂ ಅಪಘಾತ ವಿಮೆಯೊಳಗೆ ಬರುತ್ತದೆ.

ಇಲ್ಲೂ ತಾರೀಖೇ ತೊಡರುಗಾಲು. ಎರಡರ ಕಂತೂ ಮೇ ಕೊನೆಯ ಹೊತ್ತಿಗೆ ಖಾತೆಯಿಂದ ತಾನಾಗಿಯೇ ಮುರಿದುಹೋಗುತ್ತದೆ. ಕಬ್ಬಿನ ಮನೆಯ ಖಾತೆ ವರ್ಷದಲ್ಲಿ ಅತಿ ಬರಿದಾಗುವ ತಿಂಗಳು ಯಾವುದು? ಮೇ. ಖಾತೆಯಲ್ಲಿ ಹಣವಿಲ್ಲದೆ ಕಂತು ಹೋಗಲಿಲ್ಲ, ವಿಮೆ ಸತ್ತಿತು, ಮನೆಯವರಿಗೆ ಅದು ತಿಳಿಯುವುದು ಕೇಳಲು ಹೋದಾಗಲೇ. 456 ರೂಪಾಯಿಯನ್ನು ಮಾರ್ಚಿನಿಂದಲೇ ಮುಟ್ಟದೆ ಬಿಡುವುದು ಅಷ್ಟು ದೊಡ್ಡ ಕೆಲಸವೇನಲ್ಲ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಕೂಡ ಇದೆ. ಅದರ ನೋಂದಣಿಗೂ ಗಡುವು ಇರುವುದರಿಂದ ಸೊಸೈಟಿಯ ಕಾರ್ಯದರ್ಶಿಯನ್ನು ಆಗಾಗ ಕೇಳುತ್ತಿರಬೇಕು.

ಬನಹಟ್ಟಿಯ ವಾರ

ರಬಕವಿ-ಬನಹಟ್ಟಿಗೆ ಹೋದರೆ ಲೆಕ್ಕ ತಿರುವುಮುರುವು. ಅಲ್ಲಿ ಮಗ್ಗದ ಕೂಲಿ ವಾರದ ಲೆಕ್ಕದಲ್ಲಿ ಬರುತ್ತದೆ, ಆದರೆ ಸೀರೆಯ ಬೇಡಿಕೆ ಇಳಿದಾಗ ವಾರಗಟ್ಟಲೆ ನಿಲ್ಲುತ್ತದೆ. ಈ ಲಯಕ್ಕೆ ಸರಿಯಾಗಿ ಬಂದು ಕೂತದ್ದು ಮೈಕ್ರೋ ಫೈನಾನ್ಸ್: ಮಹಿಳೆಯರ ಗುಂಪು, ವಾರದ ಕಂತು, ಒಬ್ಬಳು ತಪ್ಪಿದರೆ ಉಳಿದವರ ಮೇಲೆ ಭಾರ. ಮಗ್ಗ ನಿಂತ ವಾರ ಕಂತು ನಿಲ್ಲುವುದಿಲ್ಲ. ಅದಕ್ಕಾಗಿ ಎರಡನೇ ಕಂಪನಿಯ ಸಾಲ, ಅದರ ಕಂತಿಗೆ ಮೂರನೆಯದು.

ಸಾಲ ಕೊಡುವಾಗ ಅವರು ಹೇಳುವ ಬಡ್ಡಿಯನ್ನು ಹಾಗೇ ನಂಬಬಾರದು. 50 ಸಾವಿರ ಸಾಲ, ಶೇ 12, ಎರಡು ವರ್ಷ. 12 ಸಾವಿರ ಬಡ್ಡಿ ಕೂಡಿಸಿ 24 ಕಂತು ಮಾಡಿದರೆ ತಿಂಗಳಿಗೆ 2,583. ಕೇಳಲು ಸಸಾರ. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತಿದ್ದರೂ ಬಡ್ಡಿ ಪೂರ್ತಿ 50 ಸಾವಿರಕ್ಕೇ ಬೀಳುತ್ತಿದೆ. ಇಳಿಯುವ ಬಾಕಿಯ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ಶೇ 21ರ ಮೇಲೆ. "ಫ್ಲಾಟ್ ಏನ್ರೀ, ರೆಡ್ಯೂಸಿಂಗ್ ಏನ್ರೀ?" ಎಂದು ಒಂದು ಪ್ರಶ್ನೆ ಕೇಳಿದರೆ ಏಜೆಂಟನ ದನಿ ಬದಲಾಗುತ್ತದೆ.

ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು, ಈ ಸಾಲಕ್ಕೆ ಅಡವು ಕೇಳಬಾರದು, ಮುಂಚೆಯೇ ತೀರಿಸಿದರೆ ದಂಡ ಹಾಕಬಾರದು, ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರಬಾರದು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಕಿರುಕುಳದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಕಾನೂನು ಬಂದ ಮೇಲೆ ಬಾಗಿಲ ಮುಂದಿನ ಕೂಗಾಟ ಕಡಿಮೆಯಾಗಬಹುದು. ಮಗ್ಗ ನಿಂತ ವಾರದ ಅಡಿಗೆಗೆ ಕಾನೂನಿನಲ್ಲಿ ಉತ್ತರವಿಲ್ಲ. ಹತ್ತು ವಾರದ ಕಂತಿನಷ್ಟು ಹಣ ಪಿಗ್ಮಿಯಲ್ಲಿ ಕೂಡುವ ತನಕ ಎರಡನೇ ಸಾಲಕ್ಕೆ ಸಹಿ ಹಾಕದಿರುವುದೊಂದೇ ನನಗೆ ಕಾಣುವ ದಾರಿ. ಪಿಗ್ಮಿ ಎಂಬ ದಿನದ ಠೇವಣಿ ಹುಟ್ಟಿದ್ದೂ ನಮ್ಮ ರಾಜ್ಯದಲ್ಲೇ. ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ್ದು.

ಬೋರ್ಡಿನ ಮೇಲೆ ಏನು ಬರೆದಿದೆ

ಈಗ ಅಸಲು ವಿಷಯ. ಉಳಿಸಿದ್ದನ್ನು ಎಲ್ಲಿಡುತ್ತೀರಿ?

ಸಹಕಾರಕ್ಕೆ ಉತ್ತರ ಕರ್ನಾಟಕ ತವರು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಆ ಪರಂಪರೆಯ ಫಲವಾಗಿ ಜಮಖಂಡಿ, ಮುಧೋಳ, ಮಹಾಲಿಂಗಪುರ, ಬೀಳಗಿಯ ಯಾವ ಬಜಾರಿನಲ್ಲಿ ನಡೆದರೂ ಪತ್ತಿನ ಸಂಘ, ಸೌಹಾರ್ದ, ಸಹಕಾರಿ ಬ್ಯಾಂಕು ಎಂಬ ಬೋರ್ಡುಗಳು ಸಾಲುಸಾಲು. ಒಳಗೆ ಗಾಜಿನ ಕೌಂಟರು, ಕಂಪ್ಯೂಟರು, ಪಾಸ್‌ಬುಕ್ಕು ಎಲ್ಲವೂ ಒಂದೇ ಥರ. ಬಡ್ಡಿ ಮಾತ್ರ ದೊಡ್ಡ ಬ್ಯಾಂಕಿಗಿಂತ ಎರಡು, ಮೂರು ಹೆಚ್ಚು.

ಅವು ಒಂದೇ ಥರ ಅಲ್ಲ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕು, ಅದು ರಾಷ್ಟ್ರೀಕೃತವಾಗಿರಲಿ, ಪಟ್ಟಣ ಸಹಕಾರಿಯಾಗಿರಲಿ, ಡಿಸಿಸಿ ಬ್ಯಾಂಕಾಗಿರಲಿ, ಮುಳುಗಿದರೆ ಠೇವಣಿ ವಿಮಾ ನಿಗಮ ಒಬ್ಬರಿಗೆ 5 ಲಕ್ಷದವರೆಗೆ ಕೊಡುತ್ತದೆ. 2020ರ ಫೆಬ್ರುವರಿಯ ಮುಂಚೆ ಅದು 1 ಲಕ್ಷ ಇತ್ತು. ಅಸಲು, ಬಡ್ಡಿ, ಆ ಬ್ಯಾಂಕಿನ ಎಲ್ಲ ಶಾಖೆಗಳ ಖಾತೆ ಸೇರಿಯೇ 5 ಲಕ್ಷ. ಪತ್ತಿನ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಆ ವಿಮೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಎಂದು ಬಳಸಬಾರದು ಎಂದು ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಜನರನ್ನು ಎಚ್ಚರಿಸಿದ್ದು ಇದೇ ಕಾರಣಕ್ಕೆ.

ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮುಂದೆ 2020ರ ಜನವರಿಯಲ್ಲಿ ಮುದುಕರು ಸಾಲುಗಟ್ಟಿ ನಿಂತದ್ದನ್ನು ಟಿವಿಯಲ್ಲಿ ನೋಡಿದ್ದೇವೆ. 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ತಡೆ ಹಾಕಿತ್ತು. ಅದು ಪರವಾನಗಿ ಇದ್ದ ಬ್ಯಾಂಕು, ಹಾಗಾಗಿ ವಿಮೆಯ ಹಣವಾದರೂ ಇತ್ತು. ಸಂಘದ್ದಾದರೆ ರಿಜಿಸ್ಟ್ರಾರ್ ಕಚೇರಿ, ಪೊಲೀಸ್ ಠಾಣೆ, ಕೋರ್ಟು.

ಎಲ್ಲ ಸಂಘಗಳೂ ಕೆಟ್ಟವು ಎನ್ನುವುದು ಅನ್ಯಾಯ. ರಾತ್ರಿ ಹತ್ತಕ್ಕೆ ಆಸ್ಪತ್ರೆಗೆಂದು ಕೇಳಿದರೂ ಬಾಗಿಲು ತೆರೆದು ಕೊಟ್ಟ ಸೊಸೈಟಿಗಳು ನಮ್ಮಲ್ಲಿವೆ, ಯಾವ ದೊಡ್ಡ ಬ್ಯಾಂಕೂ ಅದನ್ನು ಮಾಡದು. ಆದರೆ ಅಧ್ಯಕ್ಷರು ನಮ್ಮವರು, ಬೀಗರ ಪೈಕಿ ಎಂಬುದು ಭದ್ರತೆಯಲ್ಲ. ಸದಸ್ಯನಾದವನಿಗೆ ಆಡಿಟ್ ವರದಿ ಕೇಳುವ ಹಕ್ಕಿದೆ. ಸಂಘಕ್ಕೆ ಯಾವ ವರ್ಗ ಬಂದಿದೆ, 'ಎ' ಏನು, 'ಸಿ' ಏನು? ವಸೂಲಾಗದ ಸಾಲ ಎಷ್ಟು? ನಿರ್ದೇಶಕರಿಗೂ ಅವರ ಬಳಗಕ್ಕೂ ಕೊಟ್ಟ ಸಾಲ ಎಷ್ಟು? ಸೆಪ್ಟೆಂಬರಿನ ಮಹಾಸಭೆಗೆ ಹೋಗಿ ಸಹಿ ಹಾಕಿ, ಉಂಡು, ಸ್ಟೀಲ್ ಡಬ್ಬಿ ಹಿಡಿದು ಬರುವ ನಾವು ಕೈಗೆ ಕೊಟ್ಟ ವರದಿಯ ಪುಸ್ತಕವನ್ನು ತೆರೆದೂ ನೋಡುವುದಿಲ್ಲ. ಠೇವಣಿ ತಿರುಗಿ ಕೊಡದ ಸಂಘದ ಮೇಲೆ ಸದಸ್ಯರು ಗ್ರಾಹಕರ ಆಯೋಗಕ್ಕೂ ಹೋಗಬಹುದು. ತಮಿಳುನಾಡಿನ ತಿರುಮುರುಗನ್ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2003ರಲ್ಲೇ ದಾರಿ ತೆರೆದಿದೆ.

ಹಿನ್ನೀರಿನ ಹಣ

ಈ ಎಚ್ಚರ ಬೀಳಗಿ ತಾಲ್ಲೂಕಿಗೆ ಈಗ ಯಾಕೆ ಹೆಚ್ಚು ಬೇಕೆಂದರೆ ಆಲಮಟ್ಟಿ. ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಿದಾಗ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ಪರಿಹಾರ ಎಂದು ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಕಬ್ಬಿನ ಬಿಲ್ಲಾದರೆ ಮರುವರ್ಷ ಮತ್ತೆ ಬರುತ್ತದೆ, ಇದು ಒಮ್ಮೆ ಮಾತ್ರ.

ಹಣ ಖಾತೆಗೆ ಬೀಳುವ ಸುದ್ದಿ ಎಲ್ಲರಿಗಿಂತ ಮುಂಚೆ ತಿಳಿಯುವುದು ಮೂರು ಮಂದಿಗೆ: ಸೈಟು ಮಾರುವವನಿಗೆ, ಹೆಚ್ಚು ಬಡ್ಡಿಯ ಸಂಘದವನಿಗೆ, ಫೋನಿನಲ್ಲಿ ಕೆವೈಸಿ ಕೇಳುವ ಕಳ್ಳನಿಗೆ. ಮೂರನೆಯವನು ದೋಚಿದರೆ ಗಳಿಗೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಮೊದಲಿಬ್ಬರಿಗೆ ಆರು ತಿಂಗಳು ಬಿಟ್ಟು ಬಾ ಎಂದರೆ ಸಾಕು.

ಮನೆಯೊಳಗಿನ ತಕರಾರು ಬೇರೆ. ಪಿತ್ರಾರ್ಜಿತ ಭೂಮಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಕೇಂದ್ರ 2005ರಲ್ಲಿ ಮಾಡಿತು. ಅರಿಷಿಣ ಕುಂಕುಮಕ್ಕೆ ಇಷ್ಟು ಎಂದು ಕೊಟ್ಟು ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳುವ ರೂಢಿ ಎಕರೆಗೆ 40 ಲಕ್ಷದ ಮುಂದೆ ನಿಲ್ಲುವುದಿಲ್ಲ, ನಿಲ್ಲಬಾರದು ಕೂಡ. ಮುಂಚೆಯೇ ಕೂತು ಪಾಲು ಬರೆದುಕೊಂಡ ಮನೆಗಳ ಹಣ ಕೋರ್ಟಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಮಂದಿಯ ತನಕ ನಾಮಿನಿ ಮಾಡಬಹುದು. ಆದರೆ ನಾಮಿನಿ ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವನೇ ಹೊರತು ಒಡೆಯನಲ್ಲ.

2013ರ ಭೂಸ್ವಾಧೀನ ಕಾಯ್ದೆಯಡಿ ಬರುವ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಅದನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಮಾತ್ರ ಆದಾಯವೇ. ಕೃಷಿ ಆದಾಯಕ್ಕೆ ತೆರಿಗೆ ಕಾಣದ ಮನೆ ಮೊದಲ ಸಲ ರಿಟರ್ನ್ ಸಲ್ಲಿಸಬೇಕಾಗಿ ಬರಬಹುದು, ಬ್ಯಾಂಕು ಮುರಿದುಕೊಂಡ ತೆರಿಗೆಯನ್ನು ತಿರುಗಿ ಪಡೆಯಲಿಕ್ಕಾದರೂ.

ಇನ್ನು ಲೆಕ್ಕ. 40 ಲಕ್ಷಕ್ಕೆ ಶೇ 6.5ರಂತೆ ಹಿಡಿದರೂ ವರ್ಷಕ್ಕೆ 2,60,000. ಮೇಲೆ ಹಾಕಿದ ಲೆಕ್ಕದಲ್ಲಿ ಕಬ್ಬಿನ ಒಂದು ಎಕರೆ ವರ್ಷಕ್ಕೆ ಕೊಟ್ಟದ್ದು 75 ಸಾವಿರದ ಆಸುಪಾಸು. ಮೂರು ಪಟ್ಟಿಗಿಂತ ಹೆಚ್ಚಾಯಿತಲ್ಲ ಎಂದು ಹಿಗ್ಗುವ ಮುಂಚೆ ಎರಡು ಸಂಗತಿ ನೋಡಬೇಕು. ಜಮೀನು ಕೊಡುತ್ತಿದ್ದ ಮೇವು, ಬದುವಿನ ಬೇಳೆಕಾಳು, ಎಮ್ಮೆಯ ಹಾಲು ಯಾವ ಲೆಕ್ಕದಲ್ಲೂ ಇರಲಿಲ್ಲ. ಈಗ ಅವನ್ನೆಲ್ಲ ಕೊಂಡು ತರಬೇಕು. ಎರಡನೆಯದು, ಕಬ್ಬಿನ ಎಫ್‌ಆರ್‌ಪಿ 2022–23ರಲ್ಲಿ ಅದೇ ಶೇ 10.25 ಇಳುವರಿಗೆ 3,050 ಇತ್ತು, ಮೂರು ವರ್ಷದಲ್ಲಿ 3,550 ಆಯಿತು. ಠೇವಣಿ ಬೆಳೆಯುವುದಿಲ್ಲ, ಇಟ್ಟ 40 ಲಕ್ಷ ಹತ್ತು ವರ್ಷದ ಮೇಲೂ 40 ಲಕ್ಷವೇ. 2,60,000ದಲ್ಲಿ ಒಂದು ಲಕ್ಷವನ್ನಾದರೂ ಪ್ರತಿ ವರ್ಷ ಅಸಲಿಗೇ ಸೇರಿಸಿ, ಉಳಿದದ್ದನ್ನು ತಿಂಗಳಿಗೆ 13 ಸಾವಿರದಂತೆ ಉಳಿತಾಯ ಖಾತೆಗೆ ಬರುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟರೆ, ಹೊಲ ಕಳೆದುಕೊಂಡ ಮನೆಗೆ ಮೊದಲ ಬಾರಿ ತಿಂಗಳ ಪಗಾರ ಶುರುವಾಗುತ್ತದೆ.